ತೊಟ್ಟಿಗೆ ಅಡ್ಡಗೋಡೆ: ಹಳೆಯ ದೊಡ್ಡಮನೆಗಳನ್ನು ಬಿಚ್ಚಿ ಮಾರುತ್ತಿರುವುದೇಕೆ?

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಏಳನೇ ಮಹಡಿ. ಹಾಲ್‌ಗೆ ಕಾಲಿಟ್ಟರೆ ಎದುರಿಗೇ ಹಲಸಿನ ಮರದ ದುಂಡುಕಂಬವೊಂದು ನಿಂತಿದೆ. ಎಣ್ಣೆ, ಹೊಗೆ, ಜನರ ಕೈಯ ಜಿಡ್ಡು ಕುಡಿದು ಕಪ್ಪಾಗಿ ಹೊಳೆಯುವ ಮೈ. ಬುಡದಲ್ಲಿ ಕಲ್ಲಿನ ಪೀಠವಿಲ್ಲ, ನೆಲಕ್ಕೆ ಕಬ್ಬಿಣದ ರಾಡು ಹೂತು ಬಿಗಿದಿದ್ದಾರೆ. ತುದಿಯಲ್ಲಿ ತೊಲೆ ಹೊರಲು ಕೂರಿಸುವ ಬೋದಿಗೆ ಇದೆ, ಆದರೆ ಬೋದಿಗೆಯ ಮೇಲೆ ತೊಲೆಯಿಲ್ಲ. ಜಿಪ್ಸಮ್ ಸೀಲಿಂಗಿಗೆ ಬೆರಳಗಲ ಕೆಳಗೆ ಕಂಬ ಮುಗಿದುಹೋಗುತ್ತದೆ. ನೆಲದಿಂದ ಒಂದೂವರೆ ಅಡಿ ಮೇಲೆ ಕಂಬದ ಸುತ್ತ ಸವೆದ ಒಂದು ಗೆರೆ, ಸೊಂಟದೆತ್ತರದಲ್ಲಿ ಅಂಥದೇ ಇನ್ನೊಂದು.

ಮನೆಯೊಡತಿ ಆ ಕಂಬವನ್ನು ಬಹಳ ಪ್ರೀತಿಯಿಂದ ತೋರಿಸಿದರು. ಪಾಲಿಶ್ ಮಾಡಲು ಬಂದವರು ಗೆರೆಗಳಿಗೆ ಪುಟ್ಟಿ ತುಂಬಿ ಮುಚ್ಚಿಬಿಡುತ್ತೇವೆ ಅಂದಿದ್ದರಂತೆ. ಇವರೇ ಬೇಡ ಅಂದರಂತೆ. ಅವು ಏನಿರಬಹುದೆಂದು ಕೇಳಿದರು. ಮಜ್ಜಿಗೆ ಕಡೆಯುವ ಕಂಬ ಇದು ಎಂದೆ. ಕಡಗೋಲು ಅಲುಗದಂತೆ ಹಿಡಿಯಲು ಕಂಬಕ್ಕೆ ಮೇಲೊಂದು ಕೆಳಗೊಂದು ಹಗ್ಗದ ಕಣ್ಣಿ ಕಟ್ಟುತ್ತಿದ್ದರು. ದಿನಾ ಬೆಳಿಗ್ಗೆ ಆ ಕಣ್ಣಿ ಮರಕ್ಕೆ ಉಜ್ಜಿ ಉಜ್ಜಿ ಆದ ಗೆರೆ. ಇಷ್ಟು ಆಳ ಸವೆಯಬೇಕಾದರೆ ಮೂರು ತಲೆಮಾರಿನ ಹೆಂಗಸರಾದರೂ ಅಲ್ಲಿ ನಿಂತು ಹಗ್ಗ ಎಳೆದಿರಬೇಕು. ಯಾವ ಊರಿನ, ಯಾರ ಮನೆಯ ಕಂಬ ಎಂದು ಕೇಳಿದರೆ ಅವರಿಗೆ ಗೊತ್ತಿಲ್ಲ. "ಮಲೆನಾಡಿನ ಕಡೆಯದು" ಎಂದಷ್ಟೇ ಮಾರಿದವರು ಹೇಳಿದ್ದರು.

ಇಂಥ ಕಂಬ, ಬಾಗಿಲವಾಡ, ತೂಗುಮಣೆ, ಕೆತ್ತನೆಯ ಕಿಟಕಿಗಳು ಕೆಲವು ವರ್ಷಗಳಿಂದ ನಗರದ ಮನೆಗಳ ಒಳಾಂಗಣಕ್ಕೆ ಬರುತ್ತಿವೆ. ರೆಸಾರ್ಟಿನ ಸ್ವಾಗತ ಕೊಠಡಿ, ಹೋಟೆಲು, ಊರಾಚೆಯ ಫಾರ್ಮ್‌ಹೌಸ್, ಎಲ್ಲ ಕಡೆ ಬೇಡಿಕೆಯಿದೆ. ಹಳೆ ಬಾಗಿಲಿಗೆ ಗಾಜು ಹಾಸಿ ಊಟದ ಮೇಜು ಮಾಡುತ್ತಾರೆ, ಕಾವಿ ಬಣ್ಣದ ರೆಡ್ ಆಕ್ಸೈಡ್ ನೆಲವನ್ನು ಮತ್ತೆ ಹಾಕಿಸುತ್ತಾರೆ. ಇದನ್ನು ನೋಡಿ ಸಿಟ್ಟಾಗುವವರಿದ್ದಾರೆ: ಪೇಟೆಯವರ ಆಂಟಿಕ್ ಹುಚ್ಚಿಗೆ ನಮ್ಮ ಹಳ್ಳಿಯ ಮನೆಗಳು ಬಲಿಯಾಗುತ್ತಿವೆ ಎಂದು. ನನಗೆ ಹಾಗೆ ಕಾಣುವುದಿಲ್ಲ. ಕಂಬ ಕೊಳ್ಳುವವರು ಬರುವ ಎಷ್ಟೋ ವರ್ಷ ಮೊದಲೇ ಆ ಮನೆ ಸೋತಿರುತ್ತದೆ. ಅದು ಸೋಲುವುದು ಒಡೆತನದ ಪ್ರಶ್ನೆಯಲ್ಲಿ. ಮನೆ ಯಾರದು, ಯಾರ ಪಾಲಿಗೆ ಎಷ್ಟು, ಸೋರುವ ಸೂರನ್ನು ಯಾರ ದುಡ್ಡಿನಲ್ಲಿ ಸರಿಮಾಡುವುದು ಎಂಬ ಮಾತು ಬಗೆಹರಿಯದೆ ಹೋದಲ್ಲಿ ಮನೆಯೂ ಹೋಗುತ್ತದೆ.

ಅದು ಅರ್ಥವಾಗಲು ತೊಟ್ಟಿ ಮನೆ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಬೇಕು. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಅದರ ನಾಲ್ಕೂ ಕಡೆ ಕಂಬಗಳ ಸಾಲು, ಕಂಬಗಳ ಹಿಂದೆ ಪಡಸಾಲೆ, ಅದರ ಹಿಂದೆ ನಡುಮನೆ, ದೇವರಕೋಣೆ, ಅಡುಗೆಮನೆ, ಉಗ್ರಾಣ. ಸೂರಿನ ಒಳಮುಖದ ನಾಲ್ಕು ಇಳಿಜಾರೂ ತೊಟ್ಟಿಯ ಕಡೆಗೇ ಬಾಗಿರುತ್ತವೆ. ಬಿದ್ದ ಮಳೆ ತೊಟ್ಟಿಗೆ ಇಳಿದು, ಮೂಲೆಯ ಒಂದೇ ಗಂಡಿಯಿಂದ ಕಲ್ಲಿನ ಮೋರಿಯಲ್ಲಿ ಮನೆಯಡಿ ಹಾದು ಹೊರಗೆ ಹೋಗುತ್ತದೆ. ಬಿಸಿಗಾಳಿ ತೊಟ್ಟಿಯ ಬಾಯಿಂದ ಮೇಲೇರುತ್ತದೆ, ಆ ಜಾಗಕ್ಕೆ ಜಗಲಿಯ ಕಡೆಯಿಂದ ತಂಪುಗಾಳಿ ಒಳಬರುತ್ತದೆ. ಎರಡಡಿ ದಪ್ಪದ ಮಣ್ಣುಗೋಡೆ ಹಗಲಿನ ಕಾವನ್ನು ಒಳಗೆ ಬಿಡದೆ ತಡೆಯುತ್ತದೆ. ಆಗುಂಬೆಯ ಸುತ್ತಮುತ್ತ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅಷ್ಟು ಮಳೆಯಲ್ಲಿ ಮಣ್ಣಿನ ಗೋಡೆ ನೂರಾರು ವರ್ಷ ನಿಂತಿದೆಯೆಂದರೆ ಗೋಡೆಗಿಂತ ಮಾರುದ್ದ ಮುಂದಕ್ಕೆ ಚಾಚಿದ ಸೂರು, ಮಳೆಗಾಲಕ್ಕೆ ಮುಂಚೆ ಗೋಡೆಗೆ ಕಟ್ಟುತ್ತಿದ್ದ ಅಡಿಕೆ ಸೋಗೆಯ ತಟ್ಟಿ, ಇವೆರಡೇ ಕಾರಣ. ಕಂಬವನ್ನು ನೇರ ನೆಲದಲ್ಲಿ ಹೂಳುವುದಿಲ್ಲ, ಕಲ್ಲಿನ ಪೀಠದ ಮೇಲೆ ಕೂರಿಸುತ್ತಾರೆ. ತೇವವೂ ಗೆದ್ದಲೂ ಸುಲಭವಾಗಿ ಮರಕ್ಕೆ ಹತ್ತದಿರಲಿ ಎಂದು. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ. ಮೊಳೆ ಹೊಡೆಯುವ ಬದಲು ತೂತು, ಗೂಟ, ಬೆಣೆಗಳಲ್ಲೇ ಆಚಾರಿಗಳು ಜೋಡಿಸುತ್ತಿದ್ದರು. ಇಡೀ ಮನೆಯನ್ನು ಇಂದು ಒಂದೂ ತುಂಡು ಹಾಳಾಗದಂತೆ ಬಿಚ್ಚಲು ಸಾಧ್ಯವಾಗಿರುವುದೂ ಇದರಿಂದಲೇ. ಕಟ್ಟಿದವರ ಜಾಣತನ ಕೆಡವುವವರಿಗೆ ಅನುಕೂಲವಾಗಿದೆ ಎಂಬುದು ನೆನೆದಾಗೆಲ್ಲ ನೋಯಿಸುತ್ತದೆ.

ಕರಾವಳಿಯಲ್ಲಿ ಇದನ್ನೇ ಮುರಕಲ್ಲಿನಲ್ಲಿ, ಅಂದರೆ ಜಂಬಿಟ್ಟಿಗೆಯಲ್ಲಿ, ಕಟ್ಟಿದರು, ಚೌಕಿ ಮನೆ ಎಂದರು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮುಳಿಹುಲ್ಲಿನ ಸೂರುಗಳು ಒಂದೊಂದಾಗಿ ಕೆಂಪು ಹಂಚಿಗೆ ತಿರುಗಿದವು. ಉತ್ತರ ಕರ್ನಾಟಕದ ದೇಸಾಯರ ವಾಡೆಗಳ ಲೆಕ್ಕ ಬೇರೆ, ಅಲ್ಲಿ ಮಣ್ಣಿನ ಮಾಳಿಗೆ, ಕೋಟೆಯಂಥ ಹೆಬ್ಬಾಗಿಲು. ಆದರೆ ಅವುಗಳ ಇಂದಿನ ಕಥೆ ಬೇರೆಯಲ್ಲ.

ಜನಗಣತಿಯ ಲೆಕ್ಕದಲ್ಲಿ ಮಣ್ಣಿನ ಗೋಡೆ 'ಕಚ್ಚಾ'. ಇನ್ನೂರು ವರ್ಷ ನಿಂತ ಗೋಡೆಯೂ ಕಚ್ಚಾ, ಹತ್ತು ವರ್ಷಕ್ಕೆ ಬಿರುಕು ಬಿಡುವ ಸಿಮೆಂಟ್ ಇಟ್ಟಿಗೆಯ ಗೋಡೆ ಪಕ್ಕಾ. ಈ ಎರಡು ಪದಗಳು ಮನೆಯವರ ಮನಸ್ಸಿನೊಳಗೂ ಇಳಿದಿವೆ. ಹೊಸ ಸೊಸೆ ಬರುವ ಮುಂಚೆ 'ಪಕ್ಕಾ ಮನೆ' ಆಗಬೇಕು ಎಂಬ ಮಾತನ್ನು ಎಷ್ಟು ಹಳ್ಳಿಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ.

ಇಂಥ ಮನೆಗೆ ದುಡಿಮೆ ಬಹಳ ಬೇಕು. ಪ್ರತಿ ವರ್ಷ ಮಳೆಗೆ ಮುಂಚೆ ಹಂಚು ಕೈಯಾಡಿಸಬೇಕು, ಅಂದರೆ ಸೂರಿನ ಮೇಲೆ ಹತ್ತಿ ಒಡೆದ ಹಂಚು ತೆಗೆದು, ಜರುಗಿದ್ದನ್ನು ಸರಿಮಾಡಿ, ಕಸ ಗುಡಿಸಿ ಬರಬೇಕು. ಒಂದು ಹಂಚು ಒಡೆದರೆ ನೀರು ಹಂಚು ಕೂರುವ ರೀಪಿಗೆ ಇಳಿಯುತ್ತದೆ, ರೀಪಿನಿಂದ ಅದನ್ನು ಹೊರುವ ಪಕಾಸಿಗೆ, ಪಕಾಸಿನಿಂದ ಗೋಡೆಯ ತಲೆಗೆ. ಗೋಡೆಯ ತಲೆ ನೆನೆದರೆ ಮಣ್ಣಿನ ಮನೆ ಮುಗಿದಂತೆ. ಬೀಗ ಹಾಕಿದ ಹಳೆಮನೆ ಐದಾರು ಮಳೆಗಾಲದಲ್ಲಿ ಕುಸಿಯುವುದು ಹೀಗೆ. ಒಲೆಯ ಹೊಗೆ ಅಟ್ಟಕ್ಕೆ ತಾಗುತ್ತಿದ್ದರೆ ಹುಳ ದೂರ ಇರುತ್ತಿತ್ತು, ಈಗ ಹೊಗೆಯೂ ಇಲ್ಲ. ತೀರ್ಥಹಳ್ಳಿಯ ಕಡೆಯ ಹಿರಿಯರೊಬ್ಬರು ತಮ್ಮ ಅಟ್ಟದ ಕೆಳಗೆ ಸಾಲಾಗಿಟ್ಟ ಬಕೆಟ್ಟುಗಳನ್ನು ತೋರಿಸುತ್ತಾ ಹೇಳಿದರು: "ಸೂರು ಹತ್ತೋ ಜನ ಸಿಗಲ್ಲ ಮಾರಾಯ್ರೆ. ಸಿಕ್ಕವನಿಗೆ ಹಂಚಿನ ಮೇಲೆ ಕಾಲಿಡೋಕೆ ಬರಲ್ಲ. ಒಂದು ಸರಿ ಮಾಡಕ್ಕೆ ಹತ್ತಿದವ ಹತ್ತು ಒಡೆದು ಇಳೀತಾನೆ."

ಹಿಂದೆ ಈ ದುಡಿಮೆ ಎಲ್ಲಿಂದ ಬರುತ್ತಿತ್ತು ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ದೊಡ್ಡಮನೆಗಳು ನಿಂತಿದ್ದು ಗೇಣಿಯ ಭತ್ತದ ಮೇಲೆ, ಒಕ್ಕಲುಗಳ ಬಿಟ್ಟಿ ದುಡಿಮೆಯ ಮೇಲೆ. ಗೇಣಿ ಅಳೆಯಲು ಬಂದವರು ಅಂಗಳದಲ್ಲೇ ನಿಲ್ಲಬೇಕಿತ್ತು, ಜಗಲಿ ಹತ್ತುವಂತಿರಲಿಲ್ಲ. ಜಗಲಿಯ ಮೆಟ್ಟಿಲು ಎಷ್ಟು ಜನರಿಗೆ ಗೋಡೆಯಾಗಿತ್ತು ಎಂಬುದನ್ನು ಮರೆತು ತೊಟ್ಟಿ ಮನೆಯ ಸೊಬಗನ್ನಷ್ಟೇ ಹಾಡುವುದು ನನ್ನಿಂದಾಗದು. 1974ರ ಮಾರ್ಚ್ 1ರಂದು, ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದು ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುವವರು ಡಿಕ್ಲರೇಷನ್ ಕೊಟ್ಟು, ಭೂನ್ಯಾಯಮಂಡಳಿಯ ಮುಂದೆ ನಿಂತು ತಮ್ಮ ಹೊಲವನ್ನು ತಮ್ಮದಾಗಿಸಿಕೊಂಡರು. ಆಗಬೇಕಾದದ್ದೇ ಆಯಿತು. ಆದರೆ ಮನೆಯ ಲೆಕ್ಕದಲ್ಲಿ ಅದರ ಪರಿಣಾಮವೂ ಇದೆ: ಮೂವತ್ತು ಕಂಬದ ಮನೆ ಉಳಿಯಿತು, ಅದನ್ನು ಹೊರುತ್ತಿದ್ದ ಆದಾಯ ಹೋಯಿತು. ಮಕ್ಕಳು ಓದಿ ಬೆಂಗಳೂರು, ಮುಂಬಯಿ ಸೇರಿದರು. ಮನೆಯಲ್ಲಿ ಇಬ್ಬರು ಮುದುಕರು, ಹದಿನಾರು ಕೋಣೆ.

ಇನ್ನು ಪಾಲಿನ ಮಾತು. ಗದ್ದೆಯನ್ನು ನಾಲ್ಕು ಭಾಗ ಮಾಡಬಹುದು, ತೋಟವನ್ನು ಮರ ಎಣಿಸಿ ಹಂಚಬಹುದು. ತೊಟ್ಟಿ ಮನೆಯನ್ನು ಹಂಚಲು ಬರುವುದಿಲ್ಲ. ನಾಲ್ಕು ಸೂರಿನ ನೀರು ಒಂದೇ ತೊಟ್ಟಿಗೆ ಬೀಳುತ್ತದೆ, ತೊಟ್ಟಿಯ ನೀರು ಒಂದೇ ಗಂಡಿಯಿಂದ ಹೊರಹೋಗುತ್ತದೆ. ಆದರೂ ಎಷ್ಟೋ ಕಡೆ ತೊಟ್ಟಿಯ ನಡುವೆ ಇಟ್ಟಿಗೆಯ ಅಡ್ಡಗೋಡೆ ಎಬ್ಬಿಸಿದ್ದಾರೆ. ಅಂಥ ಒಂದು ಮನೆಯನ್ನು ಮಳೆಗಾಲದಲ್ಲಿ ನೋಡಿದ್ದೇನೆ. ಗಂಡಿ ಅಣ್ಣನ ಪಾಲಿಗೆ ಬಂದಿತ್ತು. ತಮ್ಮನ ಪಾಲಿನ ಅರ್ಧ ತೊಟ್ಟಿಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು, ಆತನ ಹೆಂಡತಿ ಕೊಡದಲ್ಲಿ ತುಂಬಿ ತುಂಬಿ ಜಗಲಿಯಾಚೆ ಚೆಲ್ಲುತ್ತಿದ್ದರು. ಗೋಡೆಗೆ ಒಂದು ತೂತು ಕೊರೆದರೆ ಮುಗಿಯುವ ಕಷ್ಟ ಅದು. ಆದರೆ ತೂತು ಕೊರೆಯುವುದೆಂದರೆ ಅಣ್ಣನನ್ನು ಮಾತನಾಡಿಸುವುದು. ಮೂರನೇ ವರ್ಷ ತಮ್ಮನ ಕಡೆಯ ಗೋಡೆ ಕುಸಿಯಿತು, ನಾಲ್ಕನೆಯ ವರ್ಷ ಎರಡೂ ಕಡೆಯವರು ಸೇರಿ, ಅಲ್ಲಿಯವರೆಗೆ ಯಾವುದಕ್ಕೂ ಸೇರದವರು, ಮನೆ ಬಿಚ್ಚುವ ಗುತ್ತಿಗೆದಾರನನ್ನು ಕರೆದರು.

ಕಾನೂನಿನಲ್ಲಿ ಏನಿದೆ? ಜಂಟಿ ಆಸ್ತಿಯಲ್ಲಿ ಯಾವ ಪಾಲುದಾರರು ಬೇಕಾದರೂ ಪಾಲು ಕೇಳಬಹುದು. ಭೌತಿಕವಾಗಿ ಹಂಚಲಾಗದ ಆಸ್ತಿಯನ್ನು, ಅರ್ಧದಷ್ಟಾದರೂ ಪಾಲು ಇರುವವರು ಕೇಳಿಕೊಂಡರೆ, ಮಾರಿ ಹಣ ಹಂಚುವಂತೆ ನ್ಯಾಯಾಲಯ ಹೇಳಲು 1893ರ ವಿಭಾಗ ಕಾಯ್ದೆಯಲ್ಲಿ ಅವಕಾಶವಿದೆ. ಅದೇ ಕಾಯ್ದೆ ಮನೆಗೆ ಒಂದು ರಕ್ಷಣೆಯನ್ನೂ ಕೊಟ್ಟಿದೆ, ಅದು ಹೆಚ್ಚಿನವರಿಗೆ ತಿಳಿದಿಲ್ಲ. ಕುಟುಂಬದ ವಾಸದ ಮನೆಯಲ್ಲಿನ ತನ್ನ ಪಾಲನ್ನು ಒಬ್ಬರು ಹೊರಗಿನವರಿಗೆ ಮಾರಿ, ಆ ಹೊರಗಿನವರು ಪಾಲಿಗೆ ದಾವೆ ಹಾಕಿದರೆ, ಮನೆಯವರಲ್ಲಿ ಯಾರಾದರೂ ನ್ಯಾಯಾಲಯ ಕಟ್ಟಿದ ಬೆಲೆಗೆ ಆ ಪಾಲನ್ನು ತಾವೇ ಕೊಳ್ಳುವ ಹಕ್ಕು ಕೇಳಬಹುದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಕಲಮಿನಲ್ಲೂ ಇದೇ ಧಾಟಿಯ ಅವಕಾಶವಿದೆ, ಒಬ್ಬ ವಾರಸುದಾರ ತನ್ನ ಪಾಲು ಮಾರಲು ಹೊರಟರೆ ಉಳಿದ ವಾರಸುದಾರರಿಗೆ ಮೊದಲ ಹಕ್ಕು. ಮನೆಯನ್ನು ಉಳಿಸಿಕೊಳ್ಳಬೇಕೆಂಬ ಒಬ್ಬ ಅಕ್ಕನೋ ತಮ್ಮನೋ ಮನೆಯಲ್ಲಿದ್ದರೆ ಹಿಡಿದುಕೊಳ್ಳಲು ಒಂದು ಎಳೆ ಕಾನೂನಿನಲ್ಲಿದೆ.

ಊರಿನಲ್ಲಿ ಕೇಳಿಬರುವ ಒಂದು ದೂರನ್ನು ಇಲ್ಲೇ ಎದುರಿಸಬೇಕು. "ಹೆಣ್ಣುಮಕ್ಕಳಿಗೆ ಪಾಲು ಅಂತ ಕಾನೂನು ಮಾಡಿದ ಮೇಲೆ ಮನೆಗಳು ಒಡೆದವು." ಇದು ತಪ್ಪು, ಮತ್ತು ನೋವಿನ ತಪ್ಪು. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಜನ್ಮದಿಂದ ಹಕ್ಕು ಕೊಟ್ಟಿತ್ತು, ಆದರೆ ಆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು, ತಿದ್ದುಪಡಿಗೆ ಮೊದಲೇ ತಂದೆ ತೀರಿಹೋಗಿದ್ದರೂ ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದಿತು. ಉತ್ತರಾಧಿಕಾರ ಕಾಯ್ದೆಯಿಂದ 2005ರಲ್ಲಿ ಕಿತ್ತುಹಾಕಿದ 23ನೇ ಕಲಮಂತೂ ನೇರವಾಗಿ ಮನೆಯ ಬಗ್ಗೆಯೇ ಇತ್ತು: ಕುಟುಂಬದವರು ವಾಸವಿರುವ ಮನೆಯಲ್ಲಿ ಗಂಡುಮಕ್ಕಳು ತಾವಾಗಿ ಪಾಲು ಮಾಡಿಕೊಳ್ಳುವ ತನಕ ಹೆಣ್ಣುಮಕ್ಕಳು ಪಾಲು ಕೇಳುವಂತಿರಲಿಲ್ಲ. ಹಾಗಿದ್ದ ಕಾಲದಲ್ಲೂ ಅಣ್ಣತಮ್ಮಂದಿರು ತೊಟ್ಟಿಗೆ ಗೋಡೆ ಹಾಕಿದ್ದಾರೆ, ಮನೆ ಬಿಚ್ಚಿ ಮಾರಿದ್ದಾರೆ. ನಾನು ಮೇಲೆ ಹೇಳಿದ ಮನೆಯಲ್ಲಿ ಹೆಣ್ಣುಮಕ್ಕಳು ಪಾಲನ್ನೇ ಕೇಳಿರಲಿಲ್ಲ. ಮನೆ ಬಿಚ್ಚುವ ದಿನ ಅತ್ತದ್ದು ಮಾತ್ರ ಅವರಲ್ಲೊಬ್ಬರು. ಆ ಮನೆಯಲ್ಲಿ ಅವರಿಗೂ ಹಕ್ಕಿತ್ತು, ಯಾರೂ ಅವರ ಮಾತು ಕೇಳಲಿಲ್ಲ.

ಬಿಚ್ಚುವ ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ಹಂಚು ಇಳಿಸುತ್ತಾರೆ, ಆಮೇಲೆ ರೀಪು, ಪಕಾಸು, ಜಂತೆ, ತೊಲೆ, ಬೋದಿಗೆ. ಕಂಬಗಳು ಒಂದಷ್ಟು ಹೊತ್ತು ಸೂರಿಲ್ಲದೆ ನಿಂತಿರುತ್ತವೆ. ಕೊನೆಗೆ ಹೆಬ್ಬಾಗಿಲಿನ ದಾರಂದ. ಗುತ್ತಿಗೆದಾರ ಮನೆಯನ್ನು ಇಡಿಯಾಗಿ ಒಟ್ಟು ಬೆಲೆಗೆ ಮಾತಾಡುತ್ತಾನೆ, ಆಮೇಲೆ ತುಂಡು ತುಂಡಾಗಿ ವಿಂಗಡಿಸುತ್ತಾನೆ. ಸಾದಾ ಮರ ಗಾತ್ರದ ಲೆಕ್ಕದಲ್ಲಿ ಹೋಗುತ್ತದೆ, ಕೆತ್ತನೆ ಇದ್ದದ್ದು ಕಣ್ಣಂದಾಜಿನ ಬೆಲೆಗೆ. ಮನೆಯವರಿಗೆ ಸಿಕ್ಕುವ ಹಣಕ್ಕೂ ಅದೇ ಬಾಗಿಲು ನಗರದಲ್ಲಿ ಮಾರಾಟವಾಗುವ ಬೆಲೆಗೂ ತಾಳಮೇಳವಿರುವುದಿಲ್ಲ. ಮಣ್ಣು ಅಲ್ಲೇ ಉಳಿಯುತ್ತದೆ, ಕಂಬದ ಕಲ್ಲುಗಳು ಭಾರವೆಂದು ಎಷ್ಟೋ ಸಲ ಅಲ್ಲೇ ಉಳಿಯುತ್ತವೆ. ಸೂರು ಹೋಗಿ ಒಂದು ಮಳೆ ಕಳೆದರೆ ಅಂಗಳದಲ್ಲಿ ಚೌಕಾಕಾರವಾಗಿ ನಿಂತ ಹನ್ನೆರಡು ಕಲ್ಲುಗಳು ಮಾತ್ರ ಕಾಣುತ್ತವೆ.

ಕಾಯ್ದೆಯ ಒಂದು ಮುಖ ಇಲ್ಲೂ ಇದೆ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ಮೀರಿದ, ಕಟ್ಟಡದಿಂದ ಬೇರ್ಪಡಿಸಿದ ಯಾವುದೇ ವಸ್ತು ಪುರಾತನ ವಸ್ತು ಎನ್ನಿಸಿಕೊಳ್ಳುತ್ತದೆ. ಅಂಥವನ್ನು ಮಾರುವ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಅಂದರೆ ನಿಮ್ಮ ಹಾಲ್‌ಗೆ ಕೊಂಡ ಕೆತ್ತನೆಯ ಬಾಗಿಲವಾಡ 1920ಕ್ಕಿಂತ ಹಿಂದಿನದಾದರೆ ಅದು ಬರೀ ಹಳೆ ಮರವಲ್ಲ. ಮಾರುವವರಿಗೆ ಲೈಸೆನ್ಸ್ ಇದೆಯೇ ಎಂದೂ, ಯಾವ ಊರಿನ ಯಾರ ಮನೆಯದು ಎಂದೂ ಕೇಳುವುದು ಕೊಳ್ಳುವವರ ಕರ್ತವ್ಯ. ಆದರೆ ನಿಂತಿರುವ ಮನೆಯನ್ನು ಈ ಕಾಯ್ದೆ ಕಾಯುವುದಿಲ್ಲ. ಸ್ಮಾರಕ ಕಾಯ್ದೆಗಳ ನೆರಳೂ ಇಲ್ಲಿಗೆ ತಲುಪುವುದಿಲ್ಲ. ಇಡೀ ದೇಶದಲ್ಲಿ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳು 3,600ಕ್ಕೂ ಹೆಚ್ಚು. ಗುಡಿ, ಕೋಟೆ, ಸಮಾಧಿಗಳೇ ಅದರಲ್ಲಿ ತುಂಬಿವೆ. ಹಳ್ಳಿಯ ಮನೆತನವೊಂದರ ವಾಸದ ಮನೆ ಆ ಪಟ್ಟಿಗೆ ಬರಲಿ ಎಂದು ಕಾದು ಕೂತರೆ ಅಷ್ಟರಲ್ಲಿ ಸೂರು ಇಳಿದಿರುತ್ತದೆ.

ಹಾಗಾದರೆ ಉಳಿದಿರುವ ಮನೆಗಳು ಉಳಿದಿರುವುದು ಹೇಗೆ? ಇದನ್ನು ನೋಡಲು ತುಳುನಾಡಿಗೂ ಕೊಡಗಿಗೂ ಹೋಗಬೇಕು.

ತುಳುನಾಡಿನ ಗುತ್ತು, ಬೀಡುಗಳು, ಅಂದರೆ ಊರ ಮುಖ್ಯ ಮನೆತನಗಳ ದೊಡ್ಡಮನೆಗಳು, ಅಳಿಯಕಟ್ಟಿನವು. ಮನೆ ತಾಯಿಯ ವಂಶದ್ದು, ಇಡೀ ಕುಟುಂಬದ್ದು. ಅಳಿಯಸಂತಾನದ ಪದ್ಧತಿಯಲ್ಲಿ ಒಬ್ಬ ಸದಸ್ಯ ಹಟ ಹಿಡಿದು ಪಾಲು ಕೇಳುವ ಹಕ್ಕೇ ಇರಲಿಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕವರುಗಳಿಗೆ, ಎಂದರೆ ಒಬ್ಬ ತಾಯಿಯ ಸಂತತಿಯ ಕವಲುಗಳಿಗೆ, ಆ ಹಕ್ಕು ಕೊಟ್ಟಿತು. ಆಮೇಲೆ ಭೂಸುಧಾರಣೆ, ಮುಂಬಯಿಯ ವಲಸೆ ಎಲ್ಲವೂ ಇಲ್ಲೂ ಬಂದವು. ಗುತ್ತುಗಳು ಬೀಳಬೇಕಿತ್ತು, ಬಹಳಷ್ಟು ಬಿದ್ದವು ಕೂಡ. ಆದರೆ ಕಳೆದ ಕೆಲವು ದಶಕಗಳಲ್ಲಿ ಅದೆಷ್ಟೋ ಗುತ್ತಿನ ಮನೆಗಳು, ತರವಾಡು ಎಂಬ ಕುಟುಂಬದ ಮೂಲಮನೆಗಳು ಮತ್ತೆ ಎದ್ದಿವೆ. ಮುಂಬಯಿಯ, ಗಲ್ಫಿನ ಹಣ ಬಂದಿದೆ, ಕುಟುಂಬದ ಸಮಿತಿಗಳು ಆಗಿವೆ. ಕಾರಣ ಒಂದೇ: ಆ ಮನೆಯೊಳಗೆ ದೈವದ ಕೋಣೆಯಿದೆ. ಅಲ್ಲಿ ದೈವದ ಮಂಚ, ಮುಗ (ಮುಖವಾಡ), ಕಡ್ತಲೆ (ಖಡ್ಗ) ಇವೆ. ವರ್ಷಕ್ಕೊಮ್ಮೆ ತಂಬಿಲದ ಪೂಜೆ ಆಗಬೇಕು, ದೈವದ ನೇಮೋತ್ಸವ ನಡೆಯಬೇಕು. ಗದ್ದೆ ಪಾಲಾಗುತ್ತದೆ, ದೈವ ಪಾಲಾಗುವುದಿಲ್ಲ. ದುಬೈಯಲ್ಲಿರುವ ಸೊಸೆಯೂ ಸುರತ್ಕಲ್ಲಿನಲ್ಲಿರುವ ಅಳಿಯನೂ ಮುಖ ನೋಡದಷ್ಟು ಜಗಳವಾಡಿದ್ದರೂ ಆ ದಿನ ಒಂದೇ ಚಾವಡಿಯಲ್ಲಿ ಕೈಮುಗಿದು ನಿಲ್ಲಬೇಕು. ನಿಂತಾಗ ಸೋರುವ ಸೂರು ಕಾಣುತ್ತದೆ, ಸಂಜೆ ಊಟಕ್ಕೆ ಕೂತಾಗ ಲೆಕ್ಕದ ಪುಸ್ತಕ ಹೊರಬರುತ್ತದೆ.

ಇಲ್ಲಿ ಒಂದು ಕೊರಗು ನನಗಿದೆ. ಜೀರ್ಣೋದ್ಧಾರ ಎಂದಾಗ ಹಳೆ ಚಾವಡಿಯ ಮರವನ್ನು ಬಿಡಿಸಿ, ಕಾಂಕ್ರೀಟಿನಲ್ಲಿ ಹೊಸದು ಎಬ್ಬಿಸಿ, ಕಂಬಕ್ಕೆ ಮರದ ಬಣ್ಣ ಬಳಿದ ಕಡೆಗಳೂ ಇವೆ. ದೈವದ ಮನೆ ಉಳಿಯಿತು, ಆಚಾರಿಯ ಮನೆ ಉಳಿಯಲಿಲ್ಲ. ಹಣ ಕೊಡುವ ಮನಸ್ಸಿರುವ ಕುಟುಂಬಕ್ಕೆ ಹಳೆ ಮರದ ಕೆಲಸ ಬಲ್ಲವರನ್ನು ತೋರಿಸುವವರು ಬೇಕಾಗಿದ್ದಾರೆ.

ಕೊಡಗಿನ ಐನ್‌ಮನೆ ಇನ್ನೂ ವಿಶೇಷ. ಅದು ಒಕ್ಕದ ಮನೆ. ಒಂದೇ ಮನೆಹೆಸರಿನ ಎಲ್ಲರೂ ಅದರ ಒಡೆಯರು, ಯಾರೊಬ್ಬರೂ ಒಡೆಯರಲ್ಲ. ಗದ್ದೆಬಯಲಿನ ಮೇಲೆ ಎತ್ತರದಲ್ಲಿ ಕೂತಿರುತ್ತದೆ, ಅಲ್ಲಿಗೆ ಇಕ್ಕಟ್ಟಾದ, ತಿರುವುತಿರುವಿನ ಓಣಿಯಲ್ಲಿ ಹತ್ತಿ ಹೋಗಬೇಕು. ಮುಂದೆ ಕೈಯಾಲೆ ಎಂಬ ಜಗಲಿ, ಕೈಯಾಲೆಯ ಕಂಬಗಳ ನಡುವೆ ಐಮರ, ಅಗಲವಾದ ಒಂದೇ ಹಲಗೆಯ ಆಸನ. ಒಳಗೆ ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆ, ಅಲ್ಲಿ ತೂಗುದೀಪ, ಅದನ್ನು ಬೆಳಿಗ್ಗೆ ಸಂಜೆ ಹಚ್ಚಬೇಕು. ಹೊರಗೆ ಒಕ್ಕದ ಮೂಲಹಿರಿಯ ಕಾರಣವರ ಕೈಮಡ, ಅಂದರೆ ಪುಟ್ಟ ಗುಡಿ. ಕೊಡವರಿಗೆ ಮಾತ್ರವಲ್ಲ, ಅರೆಭಾಷೆ ಗೌಡರಿಗೂ ಐನ್‌ಮನೆಗಳಿವೆ. ವಂಶಪಾರಂಪರ್ಯದ ಜಮ್ಮಾ ಭೂಮಿ ಒಕ್ಕದ ಪಟ್ಟೇದಾರರ ಹೆಸರಿನಲ್ಲಿ ಇದ್ದು, ಒಕ್ಕದವರೆಲ್ಲ ಅದರ ಹಕ್ಕುದಾರರಾಗಿದ್ದ ಕಾಲದ ಕಟ್ಟು ಇದು. ದಾಖಲೆಯಲ್ಲಿ ಒಬ್ಬರ ಹೆಸರು, ಅನುಭವದಲ್ಲಿ ನೂರು ಜನ. ಈ ವ್ಯವಸ್ಥೆ ಕಾಗದದ ಕಚೇರಿಗಳಲ್ಲಿ ಕೊಟ್ಟ ತೊಂದರೆ ಸಣ್ಣದಲ್ಲ, ಪಹಣಿಯ ತಿದ್ದುಪಡಿಗಾಗಿ ತಲೆಮಾರುಗಳೇ ಓಡಾಡಿವೆ. ಆದರೆ ಸುಗ್ಗಿಯ ಹಬ್ಬ ಪುತ್ತರಿಯ ರಾತ್ರಿ "ಪೊಲಿ ಪೊಲಿ ದೇವಾ" ಎನ್ನುತ್ತಾ ಹೊಸ ಕದಿರು ತಂದು ಆ ದೀಪದ ಕೆಳಗಿಡಲು ಎಲ್ಲರೂ ಅಲ್ಲಿಗೇ ಬರುತ್ತಾರೆ. ಖಾಲಿ ಬಿದ್ದ ಐನ್‌ಮನೆಗಳಿವೆ, ಕೆಡವಿ ಟೆರೇಸ್ ಹಾಕಿದ ಐನ್‌ಮನೆಗಳೂ ಇವೆ. ಆದರೂ ನಾಡಿನ ಉಳಿದ ದೊಡ್ಡಮನೆಗಳಿಗೆ ಹೋಲಿಸಿದರೆ, ವಾಸಕ್ಕೆ ಒಬ್ಬರೂ ಇಲ್ಲದ ಮನೆ ನೂರು ಜನರ ವಂತಿಗೆಯಿಂದ ಸುಣ್ಣ ಕಾಣುವುದು ಇಲ್ಲಿ ಹೆಚ್ಚು.

ತೊಟ್ಟಿ ಮನೆಯ ಮಲೆನಾಡಿನಲ್ಲಿ ಇಂಥ ಗಂಟು ಸಡಿಲ. ಅಲ್ಲಿ ಪಾಲಾಗುವಾಗ ದೇವರ ಪೆಟ್ಟಿಗೆಯನ್ನೂ ಹಂಚಿಕೊಂಡು, ಶಾಲಿಗ್ರಾಮ ಒಬ್ಬರಿಗೆ ಗಂಟೆ ಒಬ್ಬರಿಗೆ ಎಂದು ಆಗಿಬಿಡುತ್ತದೆ. ಪಾಲು ಮಾಡಲಾಗದ್ದು ಒಂದೂ ಇಲ್ಲವಾದ ಮೇಲೆ ಉಳಿಯುವುದು ಮರದ ಬೆಲೆ ಮಾತ್ರ.

ಬೇರೆ ದಾರಿಯೊಂದನ್ನು ಮಣಿಪಾಲದ ವಿಜಯನಾಥ ಶೆಣೈ ತೋರಿಸಿದರು. ಕೆಡವಲು ಹೊರಟ ಮನೆಗಳನ್ನು ಬಿಡಿಬಿಡಿಯಾಗಿ ಬಿಚ್ಚಿಸಿ ತಂದು, ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಇದ್ದಂತೆಯೇ ಮತ್ತೆ ಕೂರಿಸಿದರು. ಕುಂಜೂರಿನ ಚೌಕಿ ಮನೆ, ಹರ್ಕೂರಿನ ಒಳಗಿನ ಮನೆ, ಕುಕನೂರಿನ ಕಮಲ್ ಮಹಲ್, ಮುಧೋಳ ಅರಮನೆಯ ದರ್ಬಾರ್ ಹಾಲ್ ಅಲ್ಲಿವೆ. 2017ರಲ್ಲಿ ಅವರು ತೀರಿಕೊಂಡರು. ಅದೇ ಆಚಾರಿಗಳ ಅದೇ ಕೀಲುಜೋಡಣೆ ಇಲ್ಲಿ ಮನೆಯನ್ನು ಕಾಪಾಡಿತು. ಬಿಚ್ಚಿದ ಕ್ರಮವನ್ನೇ ಹಿಂದುಮುಂದಾಗಿಸಿ ಜೋಡಿಸಿದರೆ ಮನೆ ಮತ್ತೆ ಮನೆಯಾಗುತ್ತದೆ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ಒಬ್ಬರ ಆಯುಷ್ಯ ಪೂರ್ತಿ ಹೋದ ಕೆಲಸ ಅದು, ಹಳ್ಳಿಗೊಬ್ಬ ಶೆಣೈ ಸಿಗುವುದಿಲ್ಲ.

ಸಾಮಾನ್ಯ ಕುಟುಂಬಕ್ಕೆ ಕೈಗೆಟುಕುವುದು ಏನು? ಮೊದಲ ಕೆಲಸ ಕಾಗದದ್ದು. ಹೆಚ್ಚಿನ ಹಳೆಮನೆಗಳು ಇಂದಿಗೂ ಸತ್ತ ಅಜ್ಜನ ಹೆಸರಿನಲ್ಲಿವೆ. ಪೌತಿ ಖಾತೆ, ಅಂದರೆ ಸತ್ತವರಿಂದ ವಾರಸುದಾರರ ಹೆಸರಿಗೆ ಬದಲಾವಣೆ, ಆಗಿಲ್ಲ, ಗ್ರಾಮಠಾಣದೊಳಗಿನ ಮನೆಯಾದರೆ ಎಷ್ಟೋ ಸಲ ಸರಿಯಾದ ದಾಖಲೆಯೇ ಇಲ್ಲ. ಅಂಥ ಮನೆಯ ರಿಪೇರಿಗೆ ಬ್ಯಾಂಕಿನ ಸಾಲ ಹುಟ್ಟುವುದಿಲ್ಲ. ಅದೇ ಜಾಗದ ಒಂದು ತುಂಡು ತನ್ನ ಹೆಸರಿಗಾದರೆ ಹೊಸಮನೆಗೆ ಸಾಲ ಸಲೀಸು. ಹಳೆಯದನ್ನು ಕೆಡವುವುದೇ ಲಾಭ ಎಂಬಂತೆ ವ್ಯವಸ್ಥೆ ನಿಂತಿದೆ. 2020ರ ಏಪ್ರಿಲ್‌ನಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಹಳ್ಳಿಯ ಮನೆಗಳನ್ನು ಅಳೆದು ಆಸ್ತಿ ಕಾರ್ಡ್ ಕೊಡುತ್ತಿದ್ದಾರೆ. ಯೋಜನೆಯ ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಇಷ್ಟು ದಿನ ಮುಂದೂಡಿಕೊಂಡು ಬಂದ ಪ್ರಶ್ನೆಯನ್ನು ಈ ಕಾರ್ಡು ಬಾಗಿಲಿಗೆ ತಂದು ನಿಲ್ಲಿಸಿದೆ: ಕಾರ್ಡಿನಲ್ಲಿ ಯಾರ ಹೆಸರು? ಯಾರೋ ಒಬ್ಬರು ಪಂಚಾಯಿತಿಗೆ ಹೋಗಿ ತನ್ನ ಹೆಸರು ಬರೆಸಿ ಬಂದರೆ ಮುಂದಿನ ಇಪ್ಪತ್ತು ವರ್ಷದ ದಾವೆಗೆ ಅಂದೇ ಬೀಜ ಬಿತ್ತಿದಂತೆ. ಎಲ್ಲ ವಾರಸುದಾರರೂ, ಹೆಣ್ಣುಮಕ್ಕಳೂ ಸೇರಿ, ಒಟ್ಟಿಗೆ ಕೂತು ಮಾತಾಡಬೇಕಾದ ಹೊತ್ತು ಇದು.

ಎರಡನೆಯದು, ವಿಭಾಗಪತ್ರ ಬರೆಸುವಾಗ ಮನೆಯನ್ನು ಪಾಲಿಗೆ ಹಾಕದಿರುವುದು. ಬಾವಿ, ದಾರಿ, ಸ್ಮಶಾನಗಳನ್ನು ಸಾಮಾನ್ಯವಾಗಿ ಹೀಗೆ ಜಂಟಿಯಾಗಿಯೇ ಬಿಡುತ್ತಾರೆ, ಮನೆಯನ್ನೂ ಬಿಡಬಹುದು. ಬರೀ ಜಂಟಿ ಎಂದು ಬರೆದರೆ ಸಾಲದು, ಸಹಮಾಲೀಕರು ನಾಳೆ ಮನಸ್ಸು ಬದಲಿಸಿದರೆ ಮತ್ತೆ ದಾವೆ ಹಾಕಬಹುದು. ಟ್ರಸ್ಟ್ ಮಾಡಿದರೆ ಇನ್ನಷ್ಟು ಗಟ್ಟಿ. ಆದರೆ ಕುಟುಂಬದ ಲಾಭಕ್ಕೆಂದೇ ಮಾಡಿದ ಖಾಸಗಿ ಟ್ರಸ್ಟನ್ನು ಎಂದೆಂದಿಗೂ ನಡೆಯುವಂತೆ ಕಟ್ಟಲು ಕಾನೂನು ಬಿಡುವುದಿಲ್ಲ. ದೇವರಿಗೆ ಬಿಟ್ಟದ್ದಕ್ಕೆ, ಧರ್ಮಕಾರ್ಯಕ್ಕೆ ಬಿಟ್ಟದ್ದಕ್ಕೆ ಆ ಮಿತಿಯಿಲ್ಲ. ಗುತ್ತಿನವರು, ಒಕ್ಕದವರು ಅನುಭವದಿಂದ ಕಂಡುಕೊಂಡದ್ದನ್ನೇ ಕಾನೂನೂ ತನ್ನ ಭಾಷೆಯಲ್ಲಿ ಹೇಳುತ್ತದೆ. ಅದು ದೇವರೇ ಆಗಬೇಕೆಂದಿಲ್ಲ. ಊರ ಮಕ್ಕಳಿಗೆ ಓದುವ ಮನೆಯಾಗಬಹುದು, ಯಕ್ಷಗಾನದ ತರಗತಿ ನಡೆಯುವ ಚಾವಡಿಯಾಗಬಹುದು. ಒಂದು ಕಾಲದಲ್ಲಿ ಜಗಲಿ ಹತ್ತಲಾಗದವರ ಮೊಮ್ಮಕ್ಕಳು ಆ ಪಡಸಾಲೆಯಲ್ಲಿ ಕೂತು ಓದುವುದಾದರೆ ಆ ಮನೆಗೆ ಅದಕ್ಕಿಂತ ದೊಡ್ಡ ಜೀರ್ಣೋದ್ಧಾರ ಬೇರೆ ಇಲ್ಲ. ಹೋಮ್‌ಸ್ಟೇ ಮಾಡಿ ಉಳಿಸಿಕೊಂಡವರೂ ಇದ್ದಾರೆ, ಅದು ಒಳ್ಳೆಯದೇ. ದಾರಿ ಚೆನ್ನಾಗಿರುವ, ಮನೆಯಲ್ಲಿ ಒಬ್ಬರಾದರೂ ನೆಲೆಸಿರುವ ಕಡೆ ಮಾತ್ರ ಅದು ನಡೆಯುತ್ತದೆ.

ಹೊಸಮನೆ ಕಟ್ಟಿಸುವವರಿಗೂ ಒಂದು ಮಾತು ಹೇಳಬೇಕೆನಿಸುತ್ತದೆ. ಹಳೆಯ ಕಂಬವನ್ನು ತಂದು ನಿಲ್ಲಿಸುವ ಬದಲು ಅದರ ಹಿಂದಿನ ಲೆಕ್ಕವನ್ನು ತನ್ನಿ. ಮೂವತ್ತು-ನಲವತ್ತರ ಸೈಟಿನಲ್ಲೂ ಆರಡಿ ಚೌಕದ ಒಂದು ತೆರೆದ ತೊಟ್ಟಿ ಹಿಡಿಸುತ್ತದೆ, ಮೇಲೆ ಜಾಲರಿ ಹಾಕಿಸಿದರೆ ಕಳ್ಳರ ಭಯವಿಲ್ಲ. ಗೋಡೆಗೆ ಮಳೆ ಬಡಿಯದಷ್ಟು ಸೂರು ಮುಂದೆ ಬಿಡಿಸಿ. ಬೇಸಿಗೆಯಲ್ಲಿ ಎಸಿ ಇಲ್ಲದೆ ಮಧ್ಯಾಹ್ನ ಮಲಗಿದಾಗ ಅದರ ಬೆಲೆ ತಿಳಿಯುತ್ತದೆ. ಕಂಬ ಕೊಳ್ಳುವುದೇ ಆದರೆ ಅದರ ಊರು, ಮನೆತನದ ಹೆಸರು ಕೇಳಿ ಬರೆದಿಟ್ಟುಕೊಳ್ಳಿ.

ಕಳೆದ ವರ್ಷ ಶೃಂಗೇರಿ ಕಡೆಯ ಒಂದು ಕುಟುಂಬದ ವಿಭಾಗಪತ್ರ ಓದುವ ಅವಕಾಶ ಸಿಕ್ಕಿತು. ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಎ ಇಂದ ಇ ವರೆಗಿನ ಷೆಡ್ಯೂಲುಗಳಲ್ಲಿ ತೋಟ, ಗದ್ದೆ, ಪೇಟೆಯ ಸೈಟು ಎಲ್ಲವನ್ನೂ ಹಂಚಿಕೊಂಡಿದ್ದಾರೆ. ಕೊನೆಯ ಪುಟದಲ್ಲಿ ಹೀಗಿದೆ: "ವಾಸದ ಮನೆ, ಅದರ ತೊಟ್ಟಿ, ಅಂಗಳ, ಬಾವಿ ಹಾಗೂ ತೊಟ್ಟಿಯ ನೀರು ಹೋಗುವ ಮೋರಿ, ಇವುಗಳನ್ನು ಯಾರ ಪಾಲಿಗೂ ಹಾಕಿರುವುದಿಲ್ಲ. ಪ್ರತಿ ವರ್ಷ ಮೇ ತಿಂಗಳೊಳಗೆ ಹಂಚು ಕೈಯಾಡಿಸುವ ಖರ್ಚನ್ನು ಐವರೂ ಸಮನಾಗಿ ಭರಿಸತಕ್ಕದ್ದು." ಕೆಳಗೆ ಐದು ಸಹಿಗಳಿವೆ, ಮೂರು ಹೆಣ್ಣುಮಕ್ಕಳವು.